ತಳಿಗುಣಗಳ ಹರಿವನ್ನು ಅಮೂರ್ತ ಬೀಜಗಣಿತ ಮತ್ತು ಗ್ರಾಫ್‌ಗಳ ಮೂಲಕ ನಿರೂಪಿಸಬಹುದೇ?

ಖಂಡಿತ ನಿರೂಪಿಸಬಹುದು. ಬೀಜಗಣಿತದ ಕಡೆಯಿಂದ ಇದಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಗಣಿತಜ್ಞ ಎಥರಿಂಗ್ಟನ್, 1939ರಲ್ಲಿ.

ಮೆಂಡೆಲ್‌ನ ಬಟಾಣಿಯ ಎತ್ತರವನ್ನು ನಿರ್ಧರಿಸುವ ಜೀನಿನ ಎರಡು ರೂಪಗಳನ್ನು ಎ (ಎತ್ತರ), ಗ (ಗಿಡ್ಡ) ಎನ್ನೋಣ. ಎರಡು ಲಿಂಗಾಣುಗಳು (ಪ್ರತಿಯೊಂದೂ ಒಂದೇ ರೂಪವನ್ನು ಹೊತ್ತ ಸಂತಾನೋತ್ಪತ್ತಿಯ ಕೋಶಗಳು) ಕೂಡಿ ಹುಟ್ಟಿದ ಗಿಡವು ಯಾವ ರೂಪವನ್ನು ಎಷ್ಟು ಸಂಭವನೀಯತೆಯಿಂದ ಮುಂದಕ್ಕೆ ದಾಟಿಸುತ್ತದೆ ಎಂಬುದನ್ನೇ ಆ ಎರಡರ ಗುಣಲಬ್ಧವೆಂದು ವ್ಯಾಖ್ಯಾನಿಸಿದರೆ, ಎ×ಎ = ಎ, ಗ×ಗ = ಗ, ಎ×ಗ = ½ಎ + ½ಗ ಆಗುತ್ತದೆ. ಈ ಗುಣಾಕಾರ ಪರಿವರ್ತನೀಯ, ಆದರೆ ಸಹವರ್ತನೀಯವಲ್ಲ: (ಎ×ಎ)×ಗ ಎಂದರೆ ½ಎ + ½ಗ, ಎ×(ಎ×ಗ) ಎಂದರೆ ¾ಎ + ¼ಗ. ಇದನ್ನು ಕೊರತೆಯೆಂದು ಭಾವಿಸಬಾರದು. ಯಾರು ಯಾರೊಡನೆ ಮೊದಲು ಕೂಡಿದರು ಎಂಬ ವಂಶದ ಇತಿಹಾಸವನ್ನು ಆವರಣಗಳೇ ಹೊತ್ತಿರುವುದು ಈ ವಿಧಾನದ ನಿಜವಾದ ಸೊಗಸು. ಇನ್ನು, ಪ್ರಮಾಣಗಳ ಮೊತ್ತ 1 ಆಗಿರುವ ಯಾವುದೇ ಮಿಶ್ರಣವನ್ನು ಅದರಿಂದಲೇ ಗುಣಿಸಿದರೆ ಅದೇ ಮಿಶ್ರಣ ಮರಳಿ ದೊರೆಯುತ್ತದೆ. ಯಾದೃಚ್ಛಿಕ ಕೂಡಿಕೆಯಲ್ಲಿ ಜೀನು ರೂಪಗಳ ಪ್ರಮಾಣ ಬದಲಾಗದೆಂಬ ಹಾರ್ಡಿ–ವೈನ್‌ಬರ್ಗ್ ತತ್ತ್ವದ ತಿರುಳು ಇದೇ.

ಗ್ರಾಫ್‌ಗಳ ಬಳಕೆ ಇನ್ನೂ ನೇರವಾದುದು. ವ್ಯಕ್ತಿಗಳನ್ನು ಬಿಂದುಗಳಾಗಿಯೂ ಹೆತ್ತವರಿಂದ ಮಕ್ಕಳತ್ತ ಸಾಗುವ ಸಂಬಂಧವನ್ನು ಬಾಣಗಳಾಗಿಯೂ ಬರೆದರೆ, ಹೆತ್ತವರ ಜೀನಿನ ನಿರ್ದಿಷ್ಟ ಪ್ರತಿಯೊಂದು ಮಗುವಿಗೆ ದಾಟುವ ½ರ ಸಂಭವನೀಯತೆ ಪ್ರತಿ ಬಾಣಕ್ಕೂ ಸಲ್ಲುತ್ತದೆ. ತಳಿವಿಜ್ಞಾನಿ ಸೀವಾಲ್ ರೈಟ್ 1922ರಲ್ಲಿ ತೋರಿಸಿದಂತೆ, ಮಗುವಿನ ಅಂತಃಪ್ರಜನನ ಗುಣಾಂಕವನ್ನು (ಅದರ ಜೀನೊಂದರ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರ ಒಂದೇ ಪ್ರತಿಯಿಂದ ಬಂದಿರುವ ಸಂಭವನೀಯತೆಯನ್ನು) ಪಡೆಯಲು, ತಂದೆಯಿಂದ ಸಮಾನ ಪೂರ್ವಜರೊಬ್ಬರವರೆಗೆ ಏರಿ ತಾಯಿಯತ್ತ ಇಳಿಯುವ ಪ್ರತಿ ದಾರಿಯಲ್ಲಿರುವ ವ್ಯಕ್ತಿಗಳಷ್ಟು ಬಾರಿ ½ ಅನ್ನು ಗುಣಿಸಿ, ಆ ಫಲಗಳನ್ನೆಲ್ಲ ಕೂಡಬೇಕು. ನಮ್ಮಲ್ಲಿ ರೂಢಿಯಲ್ಲಿರುವ ಸೋದರಮಾವ–ಅಕ್ಕನ ಮಗಳ ಮದುವೆಯಲ್ಲಿ ಅಂಥ ದಾರಿಗಳು ಎರಡು, ಒಂದೊಂದರಲ್ಲಿ ನಾಲ್ವರು. ಪೂರ್ವಜರಲ್ಲಿ ಬೇರೆ ರಕ್ತಸಂಬಂಧವಿಲ್ಲದಿದ್ದರೆ, ಮಗುವಿನ ಅಂತಃಪ್ರಜನನ ಗುಣಾಂಕ 1/16 + 1/16, ಅಂದರೆ 1/8.