ಆ ಎರಡು ಪುಟ ಯಾರದ್ದು, ಸರ್?

ಪ್ರಶ್ನೆ: ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಾಲ್ಕು ವರ್ಷದ ಹಿಂದೆ ಮಸ್ಕಿಯ ಅಶೋಕ ಶಾಸನದ ಬಗ್ಗೆ ನನ್ನ ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಅದರ ಎರಡು ಪುಟ ಇಂಗ್ಲಿಷ್ ಲೇಖನವೊಂದರಿಂದ ಕನ್ನಡಕ್ಕೆ ಇಳಿಸಿದ್ದು. ಮೂಲ ಲೇಖಕರ ಹೆಸರು ಹಾಕಿಲ್ಲ. ಈಗ ಪಿಎಚ್‌ಡಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ಆ ಪುಟಗಳ ವಾದವನ್ನು ತನ್ನ ಪ್ರಬಂಧದಲ್ಲಿ ನನ್ನದೆಂದೇ ಉಲ್ಲೇಖಿಸಿದ್ದಾಳೆ. ನಕಲು ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಹೋಲಿಕೆ ಶೇ 6 ಮಾತ್ರ. ಸುಮ್ಮನಿರಲೇ?
– ಹೆಸರು ಬೇಡ

ಉತ್ತರ: ಸರ್, ಶೇ 6 ಅಂತ ನೆಮ್ಮದಿಯಾಗಿದ್ದರೆ ನೀವು ಈ ಪತ್ರ ಬರೀತಾನೇ ಇರಲಿಲ್ಲ, ಅಲ್ವಾ?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ, ನಿಜ. ಆದರೆ ಸಾಫ್ಟ್‌ವೇರ್ ಎಣಿಸೋದು ಪದಗಳನ್ನ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ವಾದ ಅದರ ಕಣ್ಣಿಗೆ ಬೀಳೋದು ಕಷ್ಟ. ಎರಡೂ ಲೇಖನ ಓದಿದವರಿಗೆ ಮಾತ್ರ ತಕ್ಷಣ ಗೊತ್ತಾಗುತ್ತೆ.

ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು, ಕೆಂಪು ಪೆನ್ನು ಹಿಡಿದು ಕೂತ್ಕೊಳ್ಳಿ. ಶಾಸನ 1915ರಲ್ಲಿ ಸಿಕ್ಕಿತು, ಹುಡುಕಿದವರು ಬೀಡನ್ ಎಂಬ ಗಣಿ ಎಂಜಿನಿಯರ್, ಅದರಲ್ಲಿ ಅಶೋಕ ಎಂಬ ಹೆಸರೇ ಇದೆ – ಇವು ಎಲ್ಲರಿಗೂ ಸೇರಿದ ಮಾಹಿತಿ, ಬಿಡಿ. ಆದರೆ ‘ಆದ್ದರಿಂದ ಹೀಗಿರಬೇಕು’ ಅಂತ ಶುರುವಾಗುವ ವಾಕ್ಯಗಳಿವೆಯಲ್ಲ, ಅವು ಯಾರ ತಲೆಯಿಂದ ಬಂದವು? ಅಲ್ಲೆಲ್ಲ ಗೆರೆ ಎಳೆಯಿರಿ.

ಆಮೇಲೆ ಸಂಪಾದಕರಿಗೆ ನೀವೇ ಬರೆಯಿರಿ. ಪುಟ ಸಂಖ್ಯೆ, ಮೂಲ ಲೇಖನ, ಲೇಖಕರ ಹೆಸರು, ಇಷ್ಟು ಸಾಕು. ‘ಕೆಲಸದ ಒತ್ತಡ ಇತ್ತು’ ಅಂತೆಲ್ಲ ಕಥೆ ಬೇಡ, ಸಂಪಾದಕರು ಅದನ್ನು ದಿನಾ ಕೇಳಿರ್ತಾರೆ. ಉಳಿದ ಲೇಖನ ನಿಮ್ಮದೇ ಆಗಿದ್ದರೆ ತಿದ್ದುಪಡಿ ಹಾಕಿ ಮುಗಿಸಬಹುದು. ಮುಖ್ಯ ವಾದವೇ ಆ ಎರಡು ಪುಟದಲ್ಲಿದ್ದರೆ ಲೇಖನವನ್ನೇ ಹಿಂಪಡೆಯಬೇಕಾಗುತ್ತೆ. ಆ ತೀರ್ಮಾನ ಅವರದು.

ಆ ಲೇಖನ ತೋರಿಸಿ ಬಡ್ತಿ ಪಡೆದಿದ್ದರೆ ಕಾಲೇಜಿಗೂ ತಿಳಿಸಬೇಕು. ಕೃತಿಚೌರ್ಯ ಸಾಬೀತಾದರೆ ಅದರಿಂದ ಸಿಕ್ಕ ಲಾಭವನ್ನು ತಡೆಹಿಡಿಯಲು ಅದೇ ನಿಯಮದಲ್ಲಿ ಅವಕಾಶವಿದೆ. ಸ್ಟಾಫ್ ರೂಮಿನಲ್ಲಿ ಸ್ವಲ್ಪ ದಿನ ಗುಸುಗುಸು ಇರುತ್ತೆ. ಏನೂ ಆಗಲ್ಲ ಅಂತ ನಾನು ಹೇಳಲಾರೆ.

ನನಗೆ ಜಾಸ್ತಿ ಚಿಂತೆ ಆ ಹುಡುಗಿಯದು. ‘ನಮ್ಮ ಸರ್ ಹೇಳಿದ್ದು’ ಅಂತ ನಂಬಿ ಬರೆದಿದ್ದಾಳೆ. ನಾಳೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೂಲ ಓದಿದ ಪರೀಕ್ಷಕರೊಬ್ಬರು ಕೇಳಿದರೆ ತಡಬಡಾಯಿಸುವವಳು ಅವಳು. ಸಂಪಾದಕರ ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು, ಅಲ್ಲಿವರೆಗೆ ಕಾಯಬೇಡಿ. ಪ್ರಬಂಧ ಬೈಂಡಿಂಗಿಗೆ ಹೋಗುವ ಮುಂಚೆ ಅವಳಿಗೆ ಫೋನ್ ಮಾಡಿ, ಮೂಲ ಲೇಖಕರ ಹೆಸರು ಹೇಳಿ.