ಓದುಗರ ಪ್ರಶ್ನೆ: ಪ್ಲೇಟಿಂಗ್ ಶೆಡ್ ಇದ್ದ ಜಾಗದಲ್ಲಿ ಮಕ್ಕಳ ಪಾರ್ಕ್ ಮಾಡಬಹುದಾ?

ಪ್ರಶ್ನೆ: ನಮ್ಮ ಮನೆ ಪೀಣ್ಯದ ಹತ್ತಿರ. ಹಿಂದಿನ ಬೀದಿಯಲ್ಲಿ ಕ್ರೋಮ್ ಪ್ಲೇಟಿಂಗ್ ಮಾಡುತ್ತಿದ್ದ ಶೆಡ್ ಮುಚ್ಚಿ ವರ್ಷಗಳಾದವು. ಅಲ್ಲಿ ಮಕ್ಕಳ ಪಾರ್ಕ್ ಮಾಡಬೇಕು ಅಂತ ನಮ್ಮ ಸಂಘದವರ ಆಸೆ. ಒಂದಡಿ ಕೆಂಪು ಮಣ್ಣು ಹೊಡೆಸಿ ಹುಲ್ಲು ಹಾಕಿದರೆ ಸಾಕು ಅಂತಾರೆ ಕಂಟ್ರಾಕ್ಟರ್. ಸಾಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಲದು. ಕಂಟ್ರಾಕ್ಟರ್‌ಗೆ ಲೋಡ್ ಲೆಕ್ಕ ಮುಖ್ಯ, ಕೆಳಗೇನಿದೆ ಅನ್ನೋದು ಅವರ ತಲೆನೋವಲ್ಲ.

ಲೋಹದ ಸಾಮಾನಿಗೆ ಹೊಳೆಯುವ ಕ್ರೋಮಿಯಂ ಲೇಪ ಕೊಡುವ ಪ್ಲೇಟಿಂಗ್ ತೊಟ್ಟಿಯಲ್ಲಿ ಇರುತ್ತಿದ್ದುದು ಕ್ರೋಮಿಕ್ ಆಸಿಡ್. ಸಾಮಾನು ಎತ್ತಿ ತೊಳೆಯುವಾಗ ಅದು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಿಮೆಂಟ್ ಬಿರುಕು ಬಿಟ್ಟಿದ್ದರೆ ಸೀದಾ ಮಣ್ಣಿಗೆ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ನೀರಲ್ಲಿ ಸುಲಭವಾಗಿ ಕರಗುತ್ತದೆ, ಮಳೆ ಬಂದಾಗೆಲ್ಲ ಇನ್ನಷ್ಟು ಕೆಳಗಿಳಿಯುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಇದು ಸಿಕ್ಕಿದ್ದು ಹಳೆ ಸುದ್ದಿ. ಕುಡಿಯುವ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನೀರು ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಈ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ, ಹಾಗಾಗಿ ನಮ್ಮ ಬೋರ್ ನೀರು ತಿಳಿಯಾಗಿದೆ ಅಂತ ಸುಮ್ನಿರಬೇಡಿ. ಕುದಿಸಿದರೂ ಹೋಗಲ್ಲ.

ಮೊದಲು ಮಣ್ಣು ಪರೀಕ್ಷೆ ಆಗಲಿ. ಮೇಲಿಂದ ಒಂದು ಹಿಡಿ ಮಣ್ಣು ಕೊಟ್ಟರೆ ಏನೂ ತಿಳಿಯಲ್ಲ. ಆ ಶೆಡ್ಡಲ್ಲಿ ಕೆಲಸ ಮಾಡಿದ ಹಳಬರು ಯಾರಾದರೂ ಸಿಕ್ಕರೆ ತೊಟ್ಟಿ ಎಲ್ಲಿತ್ತು, ಡ್ರಮ್ ಎಲ್ಲಿ ಜೋಡಿಸುತ್ತಿದ್ದರು, ತೊಳೆದ ನೀರು ಯಾವ ಕಡೆ ಹರಿಯುತ್ತಿತ್ತು ಅಂತ ಕೇಳಿ, ಅಲ್ಲಲ್ಲೇ ಬೇರೆ ಬೇರೆ ಆಳದ ಮಣ್ಣು ತೆಗೆಸಿ. ಸುತ್ತಲಿನ ಬೋರ್‌ವೆಲ್ ನೀರನ್ನೂ ಜೊತೆಗೇ ಪರೀಕ್ಷೆಗೆ ಕೊಡಿ.

ಕೆಟ್ಟ ಮಣ್ಣು ಸ್ವಲ್ಪವೇ ಇದ್ದರೆ ಅಗೆದು, ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ, ದಾಬಸ್‌ಪೇಟೆಯಲ್ಲಿರುವಂಥ ಘಟಕಕ್ಕೆ ಸಾಗಿಸಬೇಕು. ಜಾಸ್ತಿ ಇದ್ದರೆ ಅಲ್ಲೇ ಮಣ್ಣಿಗೆ ಫೆರಸ್ ಸಲ್ಫೇಟ್ (ನಮ್ಮ ಹಳಬರ ಅನ್ನಭೇದಿ) ಅಥವಾ ಸಕ್ಕರೆ ಕಾರ್ಖಾನೆಯ ಕಾಕಂಬಿ ಸೇರಿಸುವ ವಿಧಾನವಿದೆ. ಆಗ ಕ್ರೋಮಿಯಂ ಅಷ್ಟು ವಿಷವಲ್ಲದ, ನೀರಲ್ಲಿ ಸುಲಭಕ್ಕೆ ಕರಗದ ರೂಪಕ್ಕೆ ಬದಲಾಗುತ್ತದೆ. ಇದು ಎಂಜಿನಿಯರುಗಳ ಕೆಲಸ, ನೀವೇ ಬಕೆಟ್ ಹಿಡಿದು ಹೊರಡಬೇಡಿ! ಇಷ್ಟಾದ ಮೇಲೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಿಮ್ಮ ಕೆಂಪು ಮಣ್ಣು.

ಇನ್ನೊಂದು ಮಾತು. ಪಾರ್ಕ್ ಅಂದ ತಕ್ಷಣ ಮಳೆನೀರು ಇಂಗುಗುಂಡಿ ತೋಡಿಸುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಇಲ್ಲಿ ಮಾತ್ರ ಬೇಡ. ವಿಷವನ್ನು ನಾವೇ ಅಂತರ್ಜಲಕ್ಕೆ ಇಳಿಸಿದ ಹಾಗಾಗುತ್ತದೆ.

ಪ್ರಶ್ನೆ: ಮಗಳ ಮನೆಗೆ ಸಿಯಾಟಲ್‌ಗೆ ಹೋದಾಗ ತುಕ್ಕು ಹಿಡಿದ ಹಳೆ ಗ್ಯಾಸ್ ಕಾರ್ಖಾನೆ ಇರುವ ಪಾರ್ಕ್ ನೋಡಿದೆ. ಮಕ್ಕಳು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ನಮ್ಮಲ್ಲೇ ಯಾಕೆ ಇಷ್ಟು ಹೆದರಿಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಗ್ಯಾಸ್ ವರ್ಕ್ಸ್ ಪಾರ್ಕ್. ಒಳ್ಳೆ ಉದಾಹರಣೆ, ಆದರೆ ಕತೆ ಪೂರ್ತಿ ಕೇಳಿ. ಅಲ್ಲಿ 1906ರಿಂದ 1956ರವರೆಗೆ ಅನಿಲ ತಯಾರಾಗುತ್ತಿತ್ತು, ನೆಲದಲ್ಲಿ ಟಾರು, ಎಣ್ಣೆ ಇಳಿದಿತ್ತು. ವಿನ್ಯಾಸಕಾರ ರಿಚರ್ಡ್ ಹಾಗ್ ಆ ಮಣ್ಣಿಗೆ ಚರಂಡಿ ಕೆಸರು, ಮರದ ಹೊಟ್ಟು ಬೆರೆಸಿ ಸೂಕ್ಷ್ಮಜೀವಿಗಳ ಕೈಲಿ ಎಣ್ಣೆ ತಿನ್ನಿಸಲು ನೋಡಿದರು. 1975ರಲ್ಲಿ ಪಾರ್ಕ್ ತೆರೆಯಿತು. 1984ರಲ್ಲಿ ಮತ್ತೆ ಮಣ್ಣು ಪರೀಕ್ಷೆ ಆಗಿ, ಕೆಲವು ತಿಂಗಳು ಬಾಗಿಲು ಹಾಕಿ, ಮೇಲೆ ಹೊಸ ಮಣ್ಣು ಹರಡಬೇಕಾಯಿತು. ಅಲ್ಲಿಯವರೂ ಹೆದರುತ್ತಾರೆ, ಹೆದರಿದ್ದಕ್ಕೇ ಪರೀಕ್ಷೆ ಮಾಡುತ್ತಾರೆ. ಮತ್ತೆ, ಎಣ್ಣೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬಹುದು, ಕ್ರೋಮಿಯಂ ಲೋಹ, ಅದು ರೂಪ ಬದಲಿಸುತ್ತದೆ ಅಷ್ಟೆ, ಇಲ್ಲವಾಗುವುದಿಲ್ಲ.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಯಾರು ಕೊಡಬೇಕು? ನಾವೇ ಚಂದಾ ಎತ್ತಬೇಕಾ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಕೆಡಿಸಿದವರೇ ಕೊಡಬೇಕು. ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ಅನುಮಾನದ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಕೊಡಬೇಕು. ಮಾಹಿತಿ ಸಿಕ್ಕ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ಆಮೇಲೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಕೆಡಿಸಿದವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಸರ್ಕಾರ ಖರ್ಚು ನೋಡಿಕೊಳ್ಳಬೇಕು. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಬೆನ್ನು ಹತ್ತದೆ ಫೈಲು ಅಲ್ಲಾಡಲ್ಲ ಅನ್ನೋದು ನಿಮಗೂ ಗೊತ್ತು. ಊರಿನ ಕಸ ಸುರಿದ ಹಳೆ ಡಂಪು, ಗಣಿ ಜಾಗಗಳು ಈ ನಿಯಮದೊಳಗೆ ಬರಲ್ಲ, ಅವಕ್ಕೆ ಬೇರೆ ಕಾನೂನಿವೆ.

ಜಿಲ್ಲಾಧಿಕಾರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಅರ್ಜಿ ಕೊಡಿ. ಸರ್ವೆ ನಂಬರ್, ಅಲ್ಲಿ ಯಾವ ಕೆಲಸ ನಡೆಯುತ್ತಿತ್ತು, ಯಾವಾಗ ಮುಚ್ಚಿತು ಅಂತ ಬರೆದು ಫೋಟೋ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳೋದು ಮರೆಯಬೇಡಿ.