14 ಸರ್ಟಿಫಿಕೇಟು, 20 ನಿಮಿಷದ ರೆಕಾರ್ಡಿಂಗು

"ಮುಂದೆ ಯಾವ ಕೋರ್ಸ್ ಮಾಡ್ಲಿ?" ಎಂದು ಕೇಳಿಕೊಂಡು ನನ್ನ ಬಳಿ ಸಲಹೆಗೆ ಬರುವವರು ಹೆಚ್ಚಾಗಿ ಮಾನಸಿಕ ಆರೋಗ್ಯ ಕ್ಷೇತ್ರದಲ್ಲೇ ದುಡಿಯುವವರು: ಆಪ್ತಸಲಹೆಗಾರರು, ಸಮಾಜ ಕಾರ್ಯಕರ್ತರು, ವ್ಯಸನಮುಕ್ತಿ ಕೇಂದ್ರಗಳ ಸಿಬ್ಬಂದಿ. ಕೇಳುವುದು ಕೋರ್ಸಿನ ಬಗ್ಗೆ. ಅರ್ಧ ಗಂಟೆ ಮಾತಾಡಿದ ಮೇಲೆ ಹೊರಬೀಳುವುದು ಬೇರೆಯೇ ಸಂಕಟ: ಇಷ್ಟೆಲ್ಲ ಕಲಿತರೂ ಕೆಲಸ ಕೈಗೆ ಹತ್ತುತ್ತಿಲ್ಲ. ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಅವರನ್ನು 'ಸ' ಎನ್ನೋಣ. ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ 6 ವರ್ಷದಿಂದ ಆಪ್ತಸಲಹೆಗಾರ್ತಿ. ಖಿನ್ನತೆ, ಆತಂಕ, ಕುಡಿತ, ಮನೆಯೊಳಗಿನ ಹೊಡೆತ, ಎಲ್ಲವೂ ಅವರ ಮೇಜಿಗೆ ಬರುತ್ತವೆ. ಬರುವವರಲ್ಲಿ ಒಂದು ಪಾಲು ವಲಸೆ ಬಂದವರು, ಕೇಂದ್ರದಲ್ಲಿ ಆಡುವ ಭಾಷೆ ಬಾರದವರು. ಈಚೆಗೆ ಸ ಅವರಿಗೇ ನಿದ್ದೆ ಸರಿಯಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕಾಲೆಳೆಯುತ್ತದೆ. ಕೆಲಸ ಬಿಡುವ ಮುಂಚೆ ಇನ್ನೊಂದು ಡಿಪ್ಲೊಮಾ ಮಾಡಿ ನೋಡೋಣ ಎಂಬ ಯೋಚನೆ. ಹಿನ್ನೆಲೆಗೆ ಇಷ್ಟು ಸಾಕು.

ಎರಡನೆಯ ಭೇಟಿಗೆ ಫೈಲೊಂದನ್ನು ತಂದರು. ಪ್ಲಾಸ್ಟಿಕ್ ಕವರುಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ 14 ಸರ್ಟಿಫಿಕೇಟು. ಆಘಾತದ ಅರಿವು, ಅರಿವಿನ ವರ್ತನಾ ಚಿಕಿತ್ಸೆಯ ಪರಿಚಯ, ಆತ್ಮಹತ್ಯೆ ತಡೆ, ಸಾಂಸ್ಕೃತಿಕ ಸಂವೇದನೆ, ಆರೋಗ್ಯ ಸಮಾನತೆಯ ಮೇಲೆಯೇ ಮೂರು. ಯಾವುದನ್ನೂ ತೆಗೆದುಹಾಕುವಂತಿಲ್ಲ, ವಿಷಯಗಳೆಲ್ಲ ಬೇಕಾದವೇ. ಕೇಳಿದ್ದು ಒಂದೇ ಪ್ರಶ್ನೆ: "ಇವುಗಳಲ್ಲಿ ಯಾವ ತರಬೇತೀಲಿ, ನೀವು ಕ್ಲೈಂಟ್ ಜೊತೆ ಮಾತಾಡೋದನ್ನ ಇನ್ನೊಬ್ರು ಕೂತು ಕೇಳಿಸಿಕೊಂಡ್ರು?"

ಸ ಒಂದೊಂದೇ ಹಾಳೆ ಮಗುಚತೊಡಗಿದರು. ಕೆಲವಕ್ಕೆ ಹಾಜರಿ ಇದ್ದರೆ ಸಾಕಿತ್ತು. ಕೆಲವಕ್ಕೆ ಕೊನೆಯಲ್ಲಿ 10 ಪ್ರಶ್ನೆ, 7 ಸರಿಯಾದರೆ ಪಾಸು, ತಪ್ಪಿದರೆ ಮತ್ತೆ ಒತ್ತಬಹುದು. ಒಂದರಲ್ಲಿ ಮಾತ್ರ ಮೂವರ ಗುಂಪು ಮಾಡಿ ಐದು ನಿಮಿಷ ರೋಲ್ ಪ್ಲೇ ಮಾಡಿಸಿದ್ದರಂತೆ. ತರಬೇತುದಾರರು ಇವರ ಗುಂಪಿನ ಹತ್ತಿರ ಬರುವಷ್ಟರಲ್ಲಿ ಊಟದ ಹೊತ್ತಾಯಿತು. ಕೊನೆಯ ಕವರಿನ ತನಕ ಹೋಗಿ ಫೈಲು ಮುಚ್ಚಿದರು.

"ಒಬ್ರೂ ಇಲ್ಲ ಮೇಡಂ. ಆರು ವರ್ಷದಲ್ಲಿ ನಾನು ಕೆಲಸ ಮಾಡೋದನ್ನ ಒಬ್ರೂ ಕೇಳಿಸಿಕೊಂಡಿಲ್ಲ. ಚೆನ್ನಾಗಿ ಮಾಡ್ತಿದೀನೋ ಇಲ್ವೋ ನಂಗೇ ಗೊತ್ತಿಲ್ಲ."

ನಿದ್ದೆಗೆಟ್ಟದ್ದರ ಬೇರು ಈ ಮಾತಿನಲ್ಲಿತ್ತು. ಅಡುಗೆಯವರಿಗೆ ಉಂಡವರ ಮುಖ ಕಾಣುತ್ತದೆ, ದರ್ಜಿಗೆ ತೊಟ್ಟವರು ಕಾಣುತ್ತಾರೆ. ಆಪ್ತಸಲಹೆಯ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಸಮಾಧಾನವಾದವರೂ ಬರುವುದನ್ನು ನಿಲ್ಲಿಸುತ್ತಾರೆ, ಬೇಸತ್ತವರೂ ನಿಲ್ಲಿಸುತ್ತಾರೆ. ರಿಜಿಸ್ಟರಿನಲ್ಲಿ ಎರಡೂ ಒಂದೇ ರೀತಿಯ ಖಾಲಿ ಮನೆ.

ಇದು ಬರೀ ಭಾವನೆಯ ಮಾತಲ್ಲ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದರೆ ಬದಲಾಗುವ ಮನಸ್ಸನ್ನು ಎದುರಿನವರ ಮಾತಿನಿಂದಲೇ ಹೊರಡಿಸುವ ಆಪ್ತಸಲಹೆಯ ಪದ್ಧತಿಯನ್ನು ಕಟ್ಟಿದ ವಿಲಿಯಂ ಮಿಲ್ಲರ್ ತಮ್ಮ ತರಬೇತಿಯನ್ನೇ ಪರೀಕ್ಷೆಗೆ ಒಡ್ಡಿದರು. 2001ರ ಅಧ್ಯಯನದಲ್ಲಿ ಕಾರ್ಯಾಗಾರ ಮುಗಿಸಿದವರು ತಾವು ಬಹಳ ಕಲಿತೆವೆಂದು ಬರೆದುಕೊಟ್ಟರು. ಟೇಪು ಹಾಕಿ ಕೇಳಿದಾಗ ಬದಲಾವಣೆ ಅಲ್ಪಸ್ವಲ್ಪ, ಎದುರು ಕೂತ ಕ್ಲೈಂಟಿನ ಮಾತಿನಲ್ಲಂತೂ ವ್ಯತ್ಯಾಸವೇ ಇಲ್ಲ. 2004ರಲ್ಲಿ 140 ಮಂದಿಯನ್ನು ಗುಂಪು ಮಾಡಿ ಮತ್ತೆ ನೋಡಿದರು. ಬರೀ ಕಾರ್ಯಾಗಾರಕ್ಕೆ ಬಂದು ಹೋದವರ ಕೌಶಲ ಕೆಲವು ತಿಂಗಳಲ್ಲಿ ಇಳಿಯಿತು. ಕಾರ್ಯಾಗಾರದ ನಂತರ ರೆಕಾರ್ಡಿಂಗ್ ಕೇಳಿ ಅಭಿಪ್ರಾಯ ಹೇಳಿದ, ಇಲ್ಲವೇ ಫೋನಿನಲ್ಲಿ ತಿದ್ದಿದ ಗುಂಪುಗಳಲ್ಲಿ ಉಳಿಯಿತು. ವಿಚಾರ ಹಳೆಯದು, ಆದರೂ ನಮ್ಮ ಕ್ಷೇತ್ರ ಇನ್ನೂ ಹಾಜರಿ ಪಟ್ಟಿಗೇ ಸರ್ಟಿಫಿಕೇಟು ಕೊಡುತ್ತಿದೆ.

ಹಾಗಾಗಿ ಸ ಅವರಿಗೆ ಕೊಟ್ಟ ಮೊದಲ ಸಲಹೆ: 3 ತಿಂಗಳು ಹೊಸ ಕೋರ್ಸಿಗೆ ಹೆಸರು ಕೊಡಬೇಡಿ. ಅದರ ಬದಲು ಎರಡು ಕೆಲಸ. ಒಂದು, ರಿಜಿಸ್ಟರ್ ತೆಗೆದು ಎಣಿಸುವುದು. ಇನ್ನೊಂದು, ಒಂದು ಸೆಷನ್ ರೆಕಾರ್ಡ್ ಮಾಡುವುದು.

ಎಣಿಕೆಗೆ ಬೇಕಾದದ್ದು ಒಂದು ಮಧ್ಯಾಹ್ನ. ಕಳೆದ 3 ತಿಂಗಳಲ್ಲಿ ಹೊಸದಾಗಿ ಬಂದವರನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮೂರನೆಯ ಸೆಷನ್‌ಗೆ ಬಂದವರ ಮುಂದೆ ಗುರುತು ಹಾಕಬೇಕು. ಆಮೇಲೆ ಅದೇ ಪಟ್ಟಿಯನ್ನು ಭಾಷೆ, ಲಿಂಗ, ದುಡಿಮೆ, ಬಂದು ಹೋಗುವ ದೂರ ಎಂದು ಒಡೆದು ನೋಡಬೇಕು. ಮೂರನೆಯ ಸೆಷನ್ನೇ ಏಕೆಂದರೆ, ಮೊದಲನೆಯದಕ್ಕೆ ಯಾರೋ ಕಳಿಸಿರುತ್ತಾರೆ, ಎರಡನೆಯದಕ್ಕೆ ದಾಕ್ಷಿಣ್ಯಕ್ಕೆ ಬರುತ್ತಾರೆ. ಮೂರನೆಯದಕ್ಕೆ ಬರುವುದು ಉಪಯೋಗ ಕಂಡವರು. ಸ ಅವರ ಪಟ್ಟಿಯಲ್ಲಿ ಒಟ್ಟು 40 ಮಂದಿ. ಭಾಷೆ ಬರುವ 31 ಮಂದಿಯಲ್ಲಿ 22 ಮಂದಿ ಮೂರನೆಯ ಸೆಷನ್‌ಗೆ ಬಂದಿದ್ದರು. ದುಭಾಷಿ ಬೇಕಾದ 9 ಮಂದಿಯಲ್ಲಿ ಇಬ್ಬರು.

ಇಷ್ಟು ಸಣ್ಣ ಸಂಖ್ಯೆಯಿಂದ ಏನನ್ನೂ ಸಾಧಿಸಿ ತೋರಿಸಲಾಗದು, ನಿಜ. ಆದರೆ ಎಲ್ಲಿ ನೋಡಬೇಕೆಂಬುದು ಗೊತ್ತಾಯಿತು. ಆರೋಗ್ಯದ ಅಸಮಾನತೆ ಎಂದರೆ ಬರೀ ವ್ಯತ್ಯಾಸವಲ್ಲ, ತಪ್ಪಿಸಬಹುದಾದ ಮತ್ತು ಅನ್ಯಾಯದ ವ್ಯತ್ಯಾಸ ಎಂದು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಶೋಧಕಿ ಮಾರ್ಗರೆಟ್ ವೈಟ್‌ಹೆಡ್ 1990ರ ಸುಮಾರಿಗೇ ಹೇಳಿದ್ದರು. ಆ ಮಾತು ಸ ಅವರ ಮೂರು ಸರ್ಟಿಫಿಕೇಟುಗಳ ಪಠ್ಯದಲ್ಲೂ ಇತ್ತು. ಅದು ತನ್ನ ರಿಜಿಸ್ಟರಿನ 7 ಖಾಲಿ ಮನೆಗಳ ಮಾತು ಎಂದು ಅವರಿಗೆ ಹೊಳೆದಿರಲಿಲ್ಲ.

ರೆಕಾರ್ಡಿಂಗಿಗೆ ಒಪ್ಪಿಗೆ ಪಡೆಯುವಾಗ ಎಡವುವವರೇ ಹೆಚ್ಚು. ಚಿಕಿತ್ಸೆಯ ಒಪ್ಪಿಗೆಯ ಜೊತೆ ಇದನ್ನು ಸೇರಿಸಬಾರದು, ಬೇರೆ ಹಾಳೆ ಇರಬೇಕು. ಯಾರು ಕೇಳುತ್ತಾರೆ, ಎಷ್ಟು ದಿನ ಇಡುತ್ತೇವೆ, ಯಾವಾಗ ಅಳಿಸುತ್ತೇವೆ, ಬೇಡವೆಂದರೆ ಸೇವೆಯಲ್ಲಿ ಏನೂ ಕಡಿಮೆಯಾಗದು, ನಡುವೆ ಬೇಕಾದಾಗ ನಿಲ್ಲಿಸಬಹುದು: ಈ ಐದನ್ನೂ ಕ್ಲೈಂಟಿನ ಭಾಷೆಯಲ್ಲೇ ಹೇಳಿ, ಅವರ ಬಾಯಿಂದ ವಾಪಸ್ ಹೇಳಿಸಬೇಕು. ತಲೆಯಾಡಿಸಿದ್ದು ಒಪ್ಪಿಗೆಯಲ್ಲ. ಸ್ವಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ, ಅದು ತಾನಾಗಿ ಎಲ್ಲೆಲ್ಲಿಗೋ ಬ್ಯಾಕಪ್ ಆಗುತ್ತದೆ. ಮೇಲಧಿಕಾರಿಗಳ ಅನುಮತಿ ಇಲ್ಲದೆ ಶುರು ಮಾಡಬಾರದು.

ಕೇಳುವ ಕ್ರಮವೂ ಇದೆ. ಸೆಷನ್ನಿನ ಚೆನ್ನಾಗಿ ಬಂದ ಭಾಗವನ್ನು ಆರಿಸಿಕೊಳ್ಳದೆ, ಎಲ್ಲಿಂದಾದರೂ 20 ನಿಮಿಷ ತೆಗೆದುಕೊಂಡು ಎರಡನ್ನು ಎಣಿಸಬೇಕು: ನಾವು ಕೇಳಿದ ಪ್ರಶ್ನೆಗಳು, ಮತ್ತು ಎದುರಿನವರು ಹೇಳಿದ್ದರ ತಿರುಳನ್ನು ನಮ್ಮ ಮಾತಿನಲ್ಲಿ ಹಿಂತಿರುಗಿಸಿದ ಸಲಗಳು, ಅಂದರೆ ಪ್ರತಿಫಲನಗಳು. ಮಿಲ್ಲರ್ ಪದ್ಧತಿಯ ಅಳತೆಗೋಲಿನಲ್ಲಿ ಒಂದು ಪ್ರಶ್ನೆಗೆ ಒಂದು ಪ್ರತಿಫಲನವಿದ್ದರೆ ಪರವಾಗಿಲ್ಲ, ಎರಡಿದ್ದರೆ ಒಳ್ಳೆಯದು. ಸ ಮತ್ತು ಅವರು ಹುಡುಕಿಕೊಂಡ ಹಿರಿಯ ಸೂಪರ್‌ವೈಸರ್ ಕೂತು ಎಣಿಸಿದಾಗ ಸಿಕ್ಕದ್ದು 31 ಪ್ರಶ್ನೆ, 4 ಪ್ರತಿಫಲನ.

ಎಣಿಕೆಗಿಂತ ಮುಖ್ಯವಾದದ್ದು ಒಂದು ತುಣುಕು. ನಿದ್ದೆ ಬಾರದೆಂದು ಬಂದಿದ್ದ ಮಹಿಳೆ, ನಡುವೆ ದುಭಾಷಿ. ಸ ದುಭಾಷಿಯ ಕಡೆ ತಿರುಗಿ "ಅವ್ರಿಗೆ ಎಷ್ಟು ಗಂಟೆ ನಿದ್ದೆ ಬರತ್ತೆ ಕೇಳಿ" ಎನ್ನುತ್ತಾರೆ. ಆ ಮಹಿಳೆ ಹೆಚ್ಚುಕಡಿಮೆ ಎರಡು ನಿಮಿಷ ಮಾತಾಡುತ್ತಾರೆ, ನಡುವೆ ಒಮ್ಮೆ ದನಿ ಇಳಿಯುತ್ತದೆ. ದುಭಾಷಿ ಹೇಳುವುದು: "ಎರಡು ಮೂರು ಗಂಟೆಯಂತೆ." ಸ ಪ್ರಶ್ನಾವಳಿಯಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಕೊನೆಯಲ್ಲಿ ನಿದ್ದೆಯ ಕರಪತ್ರ: ಹಾಸಿಗೆಗೆ ಹೋಗುವ ಮುನ್ನ ಫೋನು ಬೇಡ, ಕೋಣೆ ಕತ್ತಲಾಗಿರಲಿ.

ಆ ಎರಡು ನಿಮಿಷದಲ್ಲಿ ಏನಿತ್ತು ಎಂದು ರೆಕಾರ್ಡಿಂಗ್ ಹಾಕಿ ಅದೇ ದುಭಾಷಿಯನ್ನು ಕೇಳಿದರು. ಅವರಿಗೂ ಕೇಳಲು ಒಪ್ಪಿಗೆ ಇತ್ತು. ಆ ಮಹಿಳೆ ಇರುವ ಕೋಣೆಯ ಬಾಗಿಲಿಗೆ ಚಿಲಕವಿಲ್ಲ. ಪಕ್ಕದ ಕೋಣೆಗಳಲ್ಲಿ ಗಂಡಸರಿದ್ದಾರೆ. ಮಗ ರಾತ್ರಿ ಪಾಳಿಗೆ ಹೋದ ಮೇಲೆ ದೀಪ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಬೆಳಕು ಹರಿದ ಮೇಲೆ ಮಲಗುತ್ತಾರೆ.

ಅಂಥವರಿಗೆ ಕೋಣೆ ಕತ್ತಲಾಗಿರಲಿ ಎಂದು ಅಚ್ಚು ಹಾಕಿದ ಕಾಗದ ಕೊಟ್ಟು ಕಳಿಸಿದ್ದೆವು. ಆಕೆಗೆ ಬೇಕಿದ್ದದ್ದು ಮೊದಲು ಒಂದು ಚಿಲಕ, ಮತ್ತು ಆ ಚಿಲಕಕ್ಕಾಗಿ ಮನೆ ಮಾಲೀಕರ ಜೊತೆ ಮಾತಾಡಬಲ್ಲ ಒಬ್ಬ ಸಮಾಜ ಕಾರ್ಯಕರ್ತರು. ಆರೋಗ್ಯದ ಸಾಮಾಜಿಕ ನಿರ್ಧಾರಕಗಳು (ಮನೆ, ದುಡಿಮೆ, ಸುರಕ್ಷತೆಯಂಥವು) ಎಂಬ ದೊಡ್ಡ ಪದದ ಒಳಗೆ ಇರುವುದು ಇದೇ.

ಮುಂದಿನ ಸಲಹೆಗಳು ಇದರ ಮೇಲೆಯೇ ನಿಂತವು. ದುಭಾಷಿ 10 ನಿಮಿಷ ಮೊದಲೇ ಬರಲಿ. ಇವತ್ತಿನ ಉದ್ದೇಶವೇನು, ಯಾವ ವಿಷಯ ನಾಜೂಕು ಎಂದು ಮಾತಾಡಿಕೊಳ್ಳಿ. ಮೂವರೂ ತ್ರಿಕೋನವಾಗಿ ಕೂತು, ಕಣ್ಣು ಕ್ಲೈಂಟಿನ ಮೇಲಿಡಿ. "ಅವರನ್ನು ಕೇಳಿ" ಎನ್ನದೆ ನೇರವಾಗಿ "ನಿಮಗೆ" ಎಂದೇ ಮಾತಾಡಿ. ಒಂದೆರಡು ವಾಕ್ಯಕ್ಕೆ ನಿಲ್ಲಿಸಿ. ಉದ್ದದ ಮಾತಿಗೆ ಗಿಡ್ಡ ಅನುವಾದ ಬಂದರೆ, "ಹೇಳಿದ್ದನ್ನೆಲ್ಲ ಹೇಳಿ, ನಂಗೆ ಬೇಕಿಲ್ಲ ಅನ್ನಿಸಿದ್ದನ್ನೂ ಹೇಳಿ" ಎನ್ನಿ. ಮಕ್ಕಳನ್ನು, ಗಂಡನನ್ನು ದುಭಾಷಿಯಾಗಿ ಕೂರಿಸಬೇಡಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಂಥ ಪ್ರಶ್ನಾವಳಿಯನ್ನು ದುಭಾಷಿ ಅಲ್ಲೇ ಬಾಯಲ್ಲಿ ಅನುವಾದಿಸಿದರೆ ಅಂಕಿ ನಂಬುವಂತಿಲ್ಲ. ಅದರ ಸಿದ್ಧ ಅನುವಾದಗಳು ಹಲವು ಭಾಷೆಗಳಲ್ಲಿ ಶುಲ್ಕವಿಲ್ಲದೆ ಸಿಗುತ್ತವೆ, ಅವನ್ನೇ ಬಳಸಿ. ಸಾಯುವ ಯೋಚನೆಯ ಒಂಬತ್ತನೆಯ ಪ್ರಶ್ನೆಯನ್ನು ಮುಜುಗರಕ್ಕೆ ದುಭಾಷಿಗಳು ಮೆದು ಮಾಡಿಬಿಡುತ್ತಾರೆ. ಅದನ್ನು ಹೇಗೆ ಕೇಳಬೇಕೆಂದು ಮೊದಲೇ ಅಭ್ಯಾಸ ಮಾಡಿಸಿ. ಮೊದಲ ಭೇಟಿಯಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿರುವ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನದಿಂದ ಮೂರು ನಾಲ್ಕನ್ನಾದರೂ ಕೇಳಿ: ಈ ತೊಂದರೆಯನ್ನು ನಿಮ್ಮವರಿಗೆ ಹೇಗೆ ಹೇಳುತ್ತೀರಿ, ಹೆಚ್ಚು ಕಾಡುವುದು ಯಾವುದು, ಸುತ್ತಮುತ್ತಲಿನ ಯಾವುದರಿಂದ ಅದು ಬಿಗಡಾಯಿಸುತ್ತದೆ. ಕೊನೆಯದನ್ನು ಕೇಳಿದ್ದರೆ ಚಿಲಕದ ಮಾತು ಮೊದಲ ದಿನವೇ ಬರಬಹುದಿತ್ತು.

ಇನ್ನು ತರಬೇತಿ. ಕೋರ್ಸು ಆರಿಸುವಾಗ ವಿಷಯ ನೋಡುವ ಮುಂಚೆ ಆಯೋಜಕರಿಗೆ ಮೂರು ಪ್ರಶ್ನೆ ಬರೆದು ಕಳಿಸಿ ಎಂದೆ. ನನ್ನ ಕೆಲಸವನ್ನು ಯಾರಾದರೂ ನೋಡಿ ಅಂಕ ಕೊಡುತ್ತಾರೆಯೇ? ಮುಗಿದ ಮೇಲೆ ಎಷ್ಟು ತಿಂಗಳು ತಿದ್ದುತ್ತಾರೆ? ಪಾಠ ಮಾಡುವವರಲ್ಲಿ ಸ್ವತಃ ಆ ಸಮುದಾಯದವರು, ಆ ಸೇವೆ ಪಡೆದವರು ಇದ್ದಾರೆಯೇ? ಇಲ್ಲವೆಂಬ ಉತ್ತರ ಬಂದರೆ ಅದು ಓದಿನ ಸಾಮಗ್ರಿ. ಓದಿಕೊಳ್ಳಿ, ತರಬೇತಿಯ ಲೆಕ್ಕಕ್ಕೆ ಹಿಡಿಯಬೇಡಿ. ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗೆಂದು ವಿಶ್ವ ಆರೋಗ್ಯ ಸಂಸ್ಥೆ ತಂದ ಮಾನಸಿಕ ಆರೋಗ್ಯದ ಎಂಎಚ್‌ಗ್ಯಾಪ್ ಮಾರ್ಗದರ್ಶಿ, ಹಕ್ಕುಗಳ ಬಗೆಗಿನ ಕ್ವಾಲಿಟಿರೈಟ್ಸ್ ಇ-ತರಬೇತಿ ಎರಡೂ ಉಚಿತ, ಓದಿಗೆ ಚೆನ್ನ. ಅದೇ ಸಂಸ್ಥೆ ಯುನಿಸೆಫ್ ಜೊತೆ ರೂಪಿಸಿದ, ಸಹಾಯಕರ ಕೌಶಲ ಅಳೆಯುವ ಇಕ್ವಿಪ್ ಎಂಬ ವೇದಿಕೆಯಲ್ಲಿ, ರೋಲ್ ಪ್ಲೇ ನೋಡಿ ಅಂಕ ಕೊಡುವ ಎನ್ಯಾಕ್ಟ್ ಎಂಬ ಪಟ್ಟಿಯಿದೆ. ಒಳ್ಳೆಯದನ್ನು ಮಾತ್ರವಲ್ಲ, ಹಾನಿ ಮಾಡುವ ನಡತೆಯನ್ನೂ ಅದು ಬೇರೆಯಾಗಿ ಗುರುತಿಸುತ್ತದೆ. ಹತ್ತಿರದಲ್ಲಿ ಹಿರಿಯರು ಸಿಗದಿದ್ದರೆ ಸಹೋದ್ಯೋಗಿಗಳೇ ಮೂರು ನಾಲ್ಕು ಮಂದಿ ಸೇರಿ ಒಬ್ಬರ ರೆಕಾರ್ಡಿಂಗನ್ನು ಇನ್ನೊಬ್ಬರು ಕೇಳಿ ಅಂಕ ಕೊಡಬಹುದು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ವೃತ್ತಿಪರರಲ್ಲದ ಆಪ್ತಸಲಹೆಗಾರರಿಂದಲೇ ಹೀಗೆ ಮಾಡಿಸಿದ್ದಾರೆ. ತಿಂಗಳಿಗೆ ಎರಡು ಸಲ, ಒಂದೊಂದು ಗಂಟೆ ಸಾಕು. ಒಂದೇ ಎಚ್ಚರಿಕೆ: ಸ್ನೇಹಿತರು ತುಂಬ ಉದಾರವಾಗಿ ಅಂಕ ಕೊಡುತ್ತಾರೆ. ಮಾತಿಗೆ ಮುಂಚೆ ಎಲ್ಲರೂ ಹಾಳೆಯ ಮೇಲೆ ಅಂಕ ಬರೆದಿಡಬೇಕು.

ಈ ಸಲಹೆಗೆ ಆಕ್ಷೇಪ ಬಂದದ್ದುಂಟು. ಕಲಿಯುವ ಹುಮ್ಮಸ್ಸಿರುವವರನ್ನು ತಡೆದಿರಿ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. 3 ತಿಂಗಳು ನಿಲ್ಲಿಸಿದ್ದು ಕಲಿಕೆಯನ್ನಲ್ಲ, ಸಂಗ್ರಹವನ್ನು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ತಪ್ಪು ವ್ಯವಸ್ಥೆಯದು, ಹೊರೆ ಮಾತ್ರ ಒಬ್ಬ ಕೆಲಸಗಾರ್ತಿಯ ತಲೆಗೆ. ಒಪ್ಪುವ ಮಾತೇ. ಆರೈಕೆ ಹೆಚ್ಚು ಬೇಕಾದ ಕಡೆಯೇ ಅದು ಕಡಿಮೆ ಸಿಗುತ್ತದೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ತರಬೇತಿಗೂ ಅದೇ ನಿಯಮ ಅನ್ನಿಸುತ್ತದೆ. ಕಷ್ಟದ ಕೇಂದ್ರಗಳಲ್ಲಿ ಇರುವವರಿಗೆ ರಜೆ ಸಿಗದು, ರಾತ್ರಿಯ ಉಚಿತ ವೆಬಿನಾರೇ ಗತಿ. ಅದಕ್ಕೇ ಸ ಅವರಿಂದ ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆಸಿದ್ದು: ಮೇಲೆ ಆ 40, 31, 9ರ ಎಣಿಕೆ, ಕೆಳಗೆ ಎರಡು ಬೇಡಿಕೆ. ತಿಂಗಳಿಗೆ 2 ಗಂಟೆ ಸೂಪರ್‌ವಿಷನ್ನಿಗೆ ಕೆಲಸದ ಸಮಯದಲ್ಲೇ ಬಿಡುವು, ದುಭಾಷಿ ಇರುವ ಸೆಷನ್‌ಗೆ 20 ನಿಮಿಷ ಹೆಚ್ಚುವರಿ. ಬಿಡುವು ಸಿಕ್ಕಿತು, 20 ನಿಮಿಷ ಸಿಗಲಿಲ್ಲ. ದುಭಾಷಿಯ 10 ನಿಮಿಷವನ್ನು ಸ ತಮ್ಮ ಚಹಾದ ವೇಳೆಯಿಂದ ತೆಗೆಯುತ್ತಿದ್ದಾರೆ. ಅದು ನ್ಯಾಯವಲ್ಲವೆಂದು ಇಬ್ಬರಿಗೂ ಗೊತ್ತು.

ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ ಆ ಮಹಿಳೆ ಮತ್ತೆ ಬರಲಿಲ್ಲ. ಫೋನು ಮಾಡಿದರೆ ನಂಬರ್ ಬದಲಾಗಿತ್ತು. ನಾಲ್ಕನೆಯ ತಿಂಗಳ ಎಣಿಕೆಯಲ್ಲಿ ದುಭಾಷಿ ಬೇಕಾದ ಹೊಸಬರು 5 ಮಂದಿ, ಮೂರನೆಯ ಸೆಷನ್‌ಗೆ ಬಂದವರು 3. ಸ ಅವರ ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ.

ಕೊನೆಯ ಭೇಟಿಯಲ್ಲಿ ಮತ್ತೊಂದು ಕೋರ್ಸಿನ ಮಾತು ಬಂತು: ಆರೋಗ್ಯ ಸಮಾನತೆಯ ಮೇಲೆ ಎರಡು ದಿನದ ಕಾರ್ಯಾಗಾರ. ಹೋಗಲೇ ಎಂದು ಈ ಸಲ ಕೇಳಲಿಲ್ಲ. ಮೂರು ಪ್ರಶ್ನೆ ಬರೆದು ಆಯೋಜಕರಿಗೆ ಕಳಿಸಿಯಾಗಿತ್ತು. ಉತ್ತರ ಇನ್ನೂ ಬಂದಿಲ್ಲವಂತೆ.